ಬಾಡಿಗೆ ಕಿರೀಟ, ಮನೆಯ ಕತೆ

ಪುಸ್ತಕದಲ್ಲಿ ಛದ್ಮವೇಷ ಅಂತ ಬರೆಯುತ್ತಾರೆ, ನಮ್ಮ ಓಮಲೂರು ಕಡೆ ಮಾರುವೇಷ ಅಂತೀವಿ. ಕತೆಯಲ್ಲಿ ಬರುವವರ ಹಾಗೆ ಮಕ್ಕಳಿಗೆ ವೇಷ ಕಟ್ಟಿ ವೇದಿಕೆ ಮೇಲೆ ನಿಲ್ಲಿಸೋದು. ನಾನು ಏಳನೇ ಕ್ಲಾಸು ಓದಿದ ರೈತ, ಮಾದಪ್ಪನ ಪದ ಹಾಡುವವನು. ಪದ ಹಾಡ್ತಾನೆ ಅನ್ನೋ ಕಾರಣಕ್ಕೆ ಇಂಥ ಸ್ಪರ್ಧೆಗಳಲ್ಲಿ ಮಾರ್ಕು ಹಾಕೋಕೆ ನನ್ನನ್ನೂ ಕೂರಿಸ್ತಾರೆ. ಹಾಗೆ ಕೂತು ನೋಡಿದ ವೇಷಗಳ ಗುಣದೋಷ ಇಲ್ಲಿ ಬರೆದಿದ್ದೇನೆ. ಯಾವ ಮಗುವನ್ನೂ ಹಳಿಯೋ ಉದ್ದೇಶವಿಲ್ಲ. ವೇಷ ಕಟ್ಟುವ ದೊಡ್ಡವರ ಜೊತೆ ನನ್ನ ಮಾತು.

ಈಗ ಹೆಚ್ಚಿನ ವೇಷಗಳು ಪೇಟೆಯ ಬಾಡಿಗೆ ಅಂಗಡಿಯಿಂದ ಚೀಲದಲ್ಲಿ ಬರ್ತವೆ. ಕೃಷ್ಣ, ಭಾರತಿಯಾರ್, ಝಾನ್ಸಿ ರಾಣಿ, ಎಲ್ಲಾ ಸಿದ್ಧ. ಒಂದೇ ರಟ್ಟಿನ ಕಿರೀಟ ರಾಮನಿಗೂ ಆಗುತ್ತೆ, ರಾವಣನಿಗೂ ಆಗುತ್ತೆ. ಮಗು ಬಂದು ಬಾಯಿಪಾಠದ ಮೂರು ಮಾತು ಒಪ್ಪಿಸಿ, ಫೋಟೋ ಹೊಡೆಸಿಕೊಂಡು ಇಳಿದು ಹೋಗುತ್ತೆ. ಚೀಲ ಸಾಯಂಕಾಲಕ್ಕೆ ವಾಪಸ್ಸು. ಮಗುವಿನ ತಲೆಯಲ್ಲಿ ಏನು ಉಳಿಯಿತು ಅಂತ ಯಾರೂ ಕೇಳಲ್ಲ.

ನಮ್ಮ ಸೇಲಂ, ಧರ್ಮಪುರಿ ಸೀಮೆಯ ತೆರುಕ್ಕೂತ್ತು ನೋಡಿದವರಿಗೆ ವೇಷ ಅಂದ್ರೆ ಏನು ಅಂತ ಗೊತ್ತು. ಕಿರೀಟ, ಭುಜಕೀರ್ತಿ, ಎದೆಹಲಗೆ ಎಲ್ಲಾ ಹಗುರ ಮರದಲ್ಲಿ ಕೆತ್ತಿ, ಬಣ್ಣದ ಕಾಗದ, ಕನ್ನಡಿ ಚೂರು ಅಂಟಿಸಿರ್ತಾರೆ. ಮಿನುಗು ಅಲ್ಲಿ ಕಮ್ಮಿಯೇನಿಲ್ಲ. ಆದರೆ ಪರದೆ ಹಿಂದಿನಿಂದ ರಾಜ ಬಂದ ಕೂಡಲೇ ಕಟ್ಟಿಯಕಾರ ಎದುರಿಗೆ ನಿಂತು ಕೇಳ್ತಾನೆ: ನೀನು ಯಾರಪ್ಪಾ, ಯಾವ ದೇಶ, ಇಲ್ಲಿಗೆ ಯಾಕೆ ಬಂದೆ? ರಾಜ ತನ್ನ ಕತೆ ತಾನೇ ಹೇಳಬೇಕು. ಕಾಸರಗೋಡಿನ ಕಡೆ ಯಕ್ಷಗಾನದಲ್ಲೂ ಅಷ್ಟೇ, ತಲೆಗೆ ಕಟ್ಟಿದ್ದು ನೋಡಿಯೇ ಬಂದವನು ರಾಜನೋ, ಅಭಿಮನ್ಯುವಿನಂಥ ಹುಡುಗನೋ, ರಾಕ್ಷಸನೋ ಜನ ಹೇಳಿಬಿಡ್ತಾರೆ. ಕತೆ ಗೊತ್ತಿದ್ದವರೇ ಕಟ್ಟಿದ ವೇಷಗಳು ಅವು. ಮಕ್ಕಳ ವೇಷಕ್ಕೂ ನಾನು ಕಟ್ಟಿಯಕಾರನ ಪ್ರಶ್ನೆಯನ್ನೇ ಅಳತೆಗೋಲು ಮಾಡಿಕೊಂಡಿದ್ದೇನೆ.

ಒಂದು ಸಲ ಒನಕೆ ಓಬವ್ವ ಬಂದಳು. ಜರಿ ಸೀರೆ, ಸೊಂಟಕ್ಕೆ ಡಾಬು, ಕೈಯಲ್ಲಿ ಪ್ಲಾಸ್ಟಿಕ್ ಕತ್ತಿ. ಕತ್ತಿ ಹಿಡಿದರೆ ಒನಕೆ ಓಬವ್ವ ಹೇಗಾದಾಳು? ಚಿತ್ರದುರ್ಗದ ಆ ಹೆಂಗಸು ರಾಣಿಯಲ್ಲ, ಕೋಟೆ ಕಾವಲುಗಾರನ ಹೆಂಡತಿ. ಗಂಡ ಊಟಕ್ಕೆ ಕೂತಾಗ ನೀರು ತರೋಕೆ ಹೋದವಳು, ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳೋದು ಕಂಡು, ಮನೆಯಲ್ಲಿ ಕೈಗೆ ಸಿಕ್ಕ ಒನಕೆ ಎತ್ತಿದಳು. ಕತೆಯ ಜೀವ ಇರೋದೇ ಅಲ್ಲಿ. ಅಡುಗೆಮನೆಯ ವಸ್ತು ಆಯುಧ ಆಯ್ತು. ಇದಕ್ಕೆ ಬೇಕಾದ್ದು ಎತ್ತಿ ಕಟ್ಟಿದ ಹಳೇ ಸೀರೆ, ಒಂದು ಕೊಡ, ಒಂದು ಒನಕೆ. ನಿಜವಾದ ಒನಕೆ ಮಗುವಿಗೆ ಭಾರ ಅಂದ್ರೆ ಒಣಗಿದ ಕತ್ತಾಳೆ ದಿಂಡು ತನ್ನಿ, ನೋಡೋಕೆ ಒನಕೆ ಹಾಗೇ, ತೂಕ ಇಲ್ಲ.

ಇನ್ನೊಂದು ಅವ್ವೈಯಾರ್ ವೇಷ. ನಮ್ಮ ಪಕ್ಕದ ಧರ್ಮಪುರಿಯೇ ಹಿಂದಿನ ತಗಡೂರು, ಅಲ್ಲಿನ ದೊರೆ ಅದಿಯಮಾನ್. ತಿಂದವರ ಆಯುಷ್ಯ ಹೆಚ್ಚಿಸುವ ನೆಲ್ಲಿಕಾಯಿ ಸಿಕ್ಕಾಗ ತಾನು ತಿನ್ನದೆ ಅವ್ವೈಗೆ ಕೊಟ್ಟ. ಅದಕ್ಕೆ ಅವ್ವೈ ಹಾಡಿದ ಪದ್ಯ ಪುರನಾನೂರಿನಲ್ಲಿದೆ. ಹುಡುಗಿಯ ವೇಷದಲ್ಲಿ ಹತ್ತಿಯ ಬಿಳಿ ಕೂದಲು ಇತ್ತು, ಕೋಲು ಇತ್ತು, ವಿಭೂತಿ ಇತ್ತು, ನೆಲ್ಲಿಕಾಯಿ ಇರಲಿಲ್ಲ. ಈ ಮುದುಕಿ ರೂಪ ನಮ್ಮ ಕಣ್ಣಲ್ಲಿ ಗಟ್ಟಿಯಾಗಿ ಕೂತದ್ದು 1953ರ ಸಿನಿಮಾದಲ್ಲಿ ಕೆ. ಬಿ. ಸುಂದರಾಂಬಾಳ್ ಆ ಪಾತ್ರ ಮಾಡಿದ ಮೇಲೆ. ಅದಿಯಮಾನ್ ಕಾಲದ ಅವ್ವೈ ಬೇರೆ, ಮಕ್ಕಳು ಓದುವ ಆತ್ತಿಚೂಡಿ ಬರೆದ ಅವ್ವೈ ಎಷ್ಟೋ ನೂರು ವರ್ಷ ಈಚಿನವಳು ಅಂತ ವಿದ್ವಾಂಸರು ಹೇಳ್ತಾರೆ. ಸಿನಿಮಾ ನೋಡಿ ಕಟ್ಟಿದರೆ ಕೂದಲು ನೆನಪಾಗುತ್ತೆ, ಕತೆ ಕೇಳಿ ಕಟ್ಟಿದರೆ ನೆಲ್ಲಿಕಾಯಿ ನೆನಪಾಗುತ್ತೆ.

ನನಗೆ ತುಂಬಾ ಹಿಡಿಸಿದ್ದು ಒಂದು ಪುಣ್ಯಕೋಟಿ. ಅಜ್ಜಿಯ ಬಿಳಿ ಸೀರೆ, ಅಡಿಕೆ ಹಾಳೆ ಕತ್ತರಿಸಿ ಮಾಡಿದ ಕೊಂಬು, ಮನೆ ಹಸುವಿನ ಕೊರಳಿಂದ ಬಿಚ್ಚಿ ತಂದ ಗಂಟೆ. ಹುಲಿಯಾಗಿ ಅವಳ ತಮ್ಮ, ಮೈಗೆ ಅರಿಶಿನ, ಅದರ ಮೇಲೆ ಇದ್ದಿಲ ಪಟ್ಟೆ. ಕೊಂಬು ಒಂದು ಕಡೆ ವಾಲಿತ್ತು. ಹಸು ಯಾಕೆ ಹುಲಿ ಹತ್ರ ವಾಪಸ್ಸು ಬಂತು ಅಂತ ಕೇಳಿದೆ. ಮಾತು ಕೊಟ್ಟಿತ್ತಲ್ಲಾ ತಾತಾ ಅಂದಳು, ಬಾಯಿಪಾಠದ ದನಿಯಲ್ಲಿ ಅಲ್ಲ. ಆಮೇಲೆ ಹುಲಿ ಯಾಕೆ ಸತ್ತಿತು ಅಂತ ಅಕ್ಕ ತಮ್ಮ ವೇದಿಕೆ ಮೇಲೇ ವಾದಕ್ಕೆ ಬಿದ್ದರು. ಆ ಕೊಂಬು ಕತ್ತರಿಸೋ ಹೊತ್ತಲ್ಲಿ ಅಜ್ಜಿ ಕತೆ ಹೇಳಿದ್ದಾಳೆ ಅಂತ ತಿಳಿದುಹೋಯ್ತು. ಮೊದಲ ಬಹುಮಾನ ಮಾತ್ರ ಬಾಡಿಗೆಯ ನವಿಲುಗರಿಗೆ ಹೋಯಿತು. ಆ ತೀರ್ಪು ನನಗೆ ಈಗಲೂ ಒಪ್ಪಿಗೆಯಿಲ್ಲ.

ಯಾಕೆ ಇಷ್ಟು ಹೇಳ್ತೀನಿ ಅಂದ್ರೆ, ನಮ್ಮ ಮಕ್ಕಳು ಶಾಲೆಯಲ್ಲಿ ತಮಿಳು ಅಕ್ಷರ ಕಲೀತಾರೆ. ಒಳ್ಳೇದು, ಬದುಕೋಕೆ ಬೇಕು. ಆದರೆ ಕನ್ನಡ ಅವರಿಗೆ ಕಿವಿಯಿಂದ ಬರಬೇಕು, ಮನೆಯಲ್ಲೇ ಬರಬೇಕು. ಮಾದಪ್ಪನಿಗೆ ಹುಲಿ ಯಾಕೆ ವಾಹನ, ಜೇನಿಗೆ ಹೋದ ಗಂಡನಿಂದ ಸಂಕವ್ವ ಏನು ಪಾಡು ಪಟ್ಟಳು, ಇವು ಅವರ ಪಾಠಪುಸ್ತಕದಲ್ಲಿ ಬರಲ್ಲ. ಹೇಳೋಕೆ ಮೊದಲು ರಾಗಿ ಬೀಸೋ ಹೊತ್ತಿತ್ತು, ಕಡಲೆಕಾಯಿ ಬಿಡಿಸೋ ಹೊತ್ತಿತ್ತು. ಈಗ ಉಳಿದಿರೋದು ಇಂಥ ಒಂದೆರಡು ಸಂಜೆ. ಅದನ್ನೂ ಬಾಡಿಗೆ ಅಂಗಡಿಗೆ ಕೊಟ್ಟರೆ ಅಜ್ಜಿ ಬಾಯಿ ಮುಚ್ಚಿಸಿದ ಹಾಗೇ.

ಕೂಲಿಗೆ ಹೋಗೋ ತಾಯಿಗೆ ಪುರುಸೊತ್ತೆಲ್ಲಿ ಅಂತ ಕೇಳ್ತೀರಿ, ನ್ಯಾಯವೇ. ಶಾಲೆಯವರು ಹಿಂದಿನ ದಿನ ಹೇಳಿ ಕಳಿಸಿದರೆ ಯಾರೂ ಬಾಡಿಗೆಗೇ ಓಡಬೇಕು. ಇಂಗ್ಲೆಂಡಿನಲ್ಲಿ ಮಾರ್ಚ್ ಮೊದಲ ಗುರುವಾರ ಪುಸ್ತಕದ ದಿನ ಅಂತ ಮಕ್ಕಳು ಕತೆಯ ವೇಷದಲ್ಲಿ ಶಾಲೆಗೆ ಹೋಗ್ತಾರಂತೆ, ಅಲ್ಲೂ ಅಂಗಡಿಯ ಸಿದ್ಧ ಉಡುಪಿನದೇ ದೂರು ಅಂತ ಮೇಷ್ಟ್ರೊಬ್ಬರು ಹೇಳಿದರು.

ಮೇಷ್ಟ್ರುಗಳಲ್ಲಿ, ಟೀಚರಮ್ಮಂದಿರಲ್ಲಿ ನನ್ನ ಕೋರಿಕೆ ಇಷ್ಟೇ. ಎರಡು ವಾರ ಮುಂಚೆ ಹೇಳಿ. ವೇಷದಲ್ಲಿ ಒಂದು ವಸ್ತುವಾದರೂ ಮಗುವೇ ಮಾಡಿರಲಿ, ಬಣ್ಣ ಬಳಿದ ತಟ್ಟೆಯಾದರೂ ಸರಿ. ಬಾಯಿಪಾಠ ಬಿಡಿಸಿ, ಕಟ್ಟಿಯಕಾರನ ಹಾಗೆ ಎರಡು ಪ್ರಶ್ನೆ ಕೇಳಿ. ಉತ್ತರಕ್ಕೆ ಅರ್ಧ ಮಾರ್ಕು, ಉಡುಪಿಗೆ ಅರ್ಧ. ಕನ್ನಡದಲ್ಲಿ ಹೇಳಲಿ, ತಮಿಳಲ್ಲಿ ಹೇಳಲಿ, ತನ್ನ ಮಾತಲ್ಲಿ ಹೇಳಲಿ. ಅಜ್ಜಿಯರನ್ನು ಒಂದು ಮಧ್ಯಾಹ್ನ ನಮ್ಮ ವಾಚನಾಲಯಕ್ಕೆ ಕರೆಸಿ, ಹಳೇ ಬಟ್ಟೆ, ಕತ್ತರಿ, ಅಂಟು ನಾವು ಇಟ್ಟಿರ್ತೀವಿ.