ಡಿಫೆನ್ಸಿವ್ ಕಾಪಿ ಎಂಬ ಮಡಿ

ಜೋಶುವಾ ಬ್ಲಾಕ್ ಅವರ ‘ಎಫೆಕ್ಟಿವ್ ಜಾವಾ’ಗೆ (2001) ಪ್ರೋಗ್ರಾಮರುಗಳಲ್ಲಿ ಇರುವ ಮರ್ಯಾದೆ ನ್ಯಾಯವಾದದ್ದೇ. ಆದರೆ ಅದರಲ್ಲಿನ ಡಿಫೆನ್ಸಿವ್ ಕಾಪಿಯ ಪಾಠ ಗಳಿಸಿದ ಹೆಸರು ಅದರ ಯೋಗ್ಯತೆಗಿಂತ ದೊಡ್ಡದು.

ಪಾಠದ ಉದಾಹರಣೆ ಪೀರಿಯಡ್ ಎಂಬ ಕ್ಲಾಸು. ಆರಂಭ, ಅಂತ್ಯ ಎಂದು ಎರಡು ಡೇಟ್ ಆಬ್ಜೆಕ್ಟ್‌ಗಳನ್ನು ಪಡೆದು, ಆರಂಭ ಅಂತ್ಯಕ್ಕಿಂತ ಮುಂದಿದ್ದರೆ ತಿರಸ್ಕರಿಸುತ್ತದೆ. ಆದರೆ ಕೊಟ್ಟವನ ಬಳಿಯೂ ಅದೇ ಆಬ್ಜೆಕ್ಟಿನ ರೆಫರೆನ್ಸ್ ಉಳಿದಿರುತ್ತದಲ್ಲ! ಅವನು ಹೊರಗಿನಿಂದಲೇ ವರ್ಷ ಬದಲಿಸಿದರೆ ಒಳಗಿನ ಅವಧಿ ಕೆಡುತ್ತದೆ. ಹಾಗಾಗಿ ಕನ್‌ಸ್ಟ್ರಕ್ಟರಿನಲ್ಲೇ ಕಾಪಿ ಮಾಡಿಕೊಳ್ಳಿ ಎನ್ನುತ್ತಾರೆ ಬ್ಲಾಕ್. ಇಲ್ಲಿ ಮೆಚ್ಚಬೇಕಾದ್ದು ಕ್ರಮ: ಮೊದಲು ಕಾಪಿ, ಆಮೇಲೆ ತಪಾಸಣೆ, ಅದೂ ಕಾಪಿಯದ್ದೇ. ಮೂಲವನ್ನು ಪರೀಕ್ಷಿಸಿ ನಂತರ ಕಾಪಿ ಮಾಡಿದರೆ ನಡುವಿನ ಸಂದಿಯಲ್ಲಿ ಇನ್ನೊಂದು ಥ್ರೆಡ್ ಕೈಯಾಡಿಸಬಹುದು. ಕಾಪಿಗೆ ಕ್ಲೋನ್ ಮೆಥಡ್ ಕೂಡದು: ಡೇಟ್ ಫೈನಲ್ ಅಲ್ಲವಾದ್ದರಿಂದ ಅದರ ಹೆಸರಲ್ಲಿ ಬಂದ ಸಬ್‌ಕ್ಲಾಸು ತನ್ನ ಕಾಪಿಗಳ ಜಾಡನ್ನು ಗುಟ್ಟಾಗಿ ಇಟ್ಟುಕೊಳ್ಳಬಹುದು. ಒಳಗಿನದ್ದನ್ನು ಹೊರಗೆ ಕೊಡುವಾಗಲೂ ಕಾಪಿಯೇ. ಈ ಭಯ ಕಲ್ಪಿತವಲ್ಲ: 1997ರಲ್ಲಿ ಜೆಡಿಕೆ 1.1.1 ಸಹಿದಾರರ ಒಳ ಅರೇಯನ್ನೇ ಹೊರಗೆ ಕೊಡುತ್ತಿತ್ತು. ದುರುದ್ದೇಶದ ಆಪ್ಲೆಟ್ ತನಗೆ ಸಹಿ ಹಾಕಿದವರ ಪಟ್ಟಿಯನ್ನು ತಾನೇ ತಿದ್ದಿಕೊಳ್ಳಬಹುದಿತ್ತು.

ಕಾವಲು ಜಾಣತನದ್ದೇ. ಆದರೆ ಪೀರಿಯಡ್‌ಗೆ ಅದು ಬೇಕಾದದ್ದು ಡೇಟ್ ತಿದ್ದಲು ಬರುತ್ತದೆ ಎಂಬ ಒಂದೇ ಕಾರಣಕ್ಕೆ. ತಿದ್ದಲು ಬಾರದ ಒಂದೇ ಸ್ಟ್ರಿಂಗನ್ನು ನೂರು ಕ್ಲಾಸುಗಳು ಹಂಚಿಕೊಂಡರೂ ಯಾರೂ ಕಾಪಿ ಮಾಡುವುದಿಲ್ಲ. ಬ್ಲಾಕ್ ಅವರಿಗೂ ಇದು ಗೊತ್ತು. 2018ರ ಮೂರನೇ ಆವೃತ್ತಿಯಲ್ಲಿ ಡೇಟ್ ಬಿಟ್ಟು, ತಿದ್ದಲು ಬಾರದ ಇನ್‌ಸ್ಟೆಂಟ್ ಬಳಸಿ ಎಂದು ನೇರವಾಗಿಯೇ ಬರೆದಿದ್ದಾರೆ. ಶಿಷ್ಯರು ಆ ಮಾತನ್ನು ಬಿಟ್ಟು ಮಡಿಯನ್ನಷ್ಟೇ ಹಿಡಿದರು.

ಈ ಶಿಷ್ಯವರ್ಗದ ಕೋಡ್ ರಿವ್ಯೂ ನೋಡಬೇಕು. ಡೇಟ್‌ಗಳ ಲಿಸ್ಟನ್ನು ಹೊಸ ಅರೇಲಿಸ್ಟಿಗೆ ಸುರಿದು ‘ಸೇಫ್’ ಎಂದು ಮುದ್ರೆ ಒತ್ತುತ್ತಾರೆ. ಲಿಸ್ಟು ಹೊಸದು, ಒಳಗಿರುವ ಡೇಟ್‌ಗಳು ಹಳೆಯವೇ! ಇನ್ನು ಬ್ಯಾಂಕ್ ಖಾತೆಯ ಆಬ್ಜೆಕ್ಟನ್ನೂ ಕಾಪಿ ಮಾಡುವವರಿದ್ದಾರೆ. ಜಮೆಯ ಕ್ಲಾಸು ಒಂದು ಕಾಪಿಗೆ ಹಣ ಸೇರಿಸುತ್ತದೆ, ವರದಿಯ ಕ್ಲಾಸು ಹಳೆಯ ಬಾಕಿಯನ್ನೇ ತೋರಿಸುತ್ತದೆ. ಹಂಚಿಕೊಳ್ಳಲೇಬೇಕಾದಲ್ಲಿ ಕಾಪಿ ಮಾಡಿದರೆ ಅದೇ ಬಗ್. ಎದುರು ಪಾಳಯವೂ ಕಡಿಮೆಯಿಲ್ಲ. ಜಾವಾ ‘ಪಾಸ್ ಬೈ ರೆಫರೆನ್ಸ್’, ಆದ್ದರಿಂದ ಹಂಚಿಕೆ ಸಹಜ ಎಂದು ವಾದಿಸುವ ಇವರು ಹಂಚಿಕೆಯ ಪರ ನಿಂತದ್ದು ಸರಿ, ಕೊಟ್ಟ ಕಾರಣ ತಪ್ಪು. ಜಾವಾದಲ್ಲಿ ರೆಫರೆನ್ಸೇ ಕಾಪಿಯಾಗಿ ಹೋಗುತ್ತದೆ. ಮೆಥಡ್ಡಿನೊಳಗೆ ಪ್ಯಾರಾಮೀಟರಿಗೆ ಹೊಸ ಆಬ್ಜೆಕ್ಟ್ ಹಚ್ಚಿ ನೋಡಿದರೆ ಹೊರಗಿನ ವೇರಿಯಬಲ್ ಕದಲುವುದಿಲ್ಲ.

ಪೀರಿಯಡ್‌ನಲ್ಲಿನ ಡಿಫೆನ್ಸಿವ್ ಕಾಪಿ ಡೇಟ್ ಕ್ಲಾಸಿನ ಕೆಟ್ಟ ವಿನ್ಯಾಸಕ್ಕೆ ಕಟ್ಟಿದ ದಂಡ. 2014ರಲ್ಲಿ ಜಾವಾ 8 ಬದಲಾಗದ ಇನ್‌ಸ್ಟೆಂಟ್, ಲೋಕಲ್‌ಡೇಟ್‌ಗಳನ್ನು ಕೊಟ್ಟಿದೆ. ಹೊಸ ಕೋಡಿನಲ್ಲಿ ಇನ್ನೂ ಡೇಟ್ ಇಟ್ಟುಕೊಂಡು ಅದಕ್ಕೆ ಕಾಪಿ ಮಾಡುತ್ತಾ ಕೂತವರನ್ನು ಎಚ್ಚರಿಕೆಯವರು ಎಂದು ನಾನು ಒಪ್ಪಲಾರೆ.