ವಾಲಿಯ ಪ್ರಶ್ನೆ

10ನೆಯ ತರಗತಿ ಮುಗಿಸಿದ ಮಕ್ಕಳ ತಂದೆತಾಯಿಗಳು ಇಂದಿಗೂ ನಮ್ಮ ಮನೆಗೆ ಬಂದು ಕೇಳುವುದುಂಟು: "ಮಾಸ್ಟ್ರೇ, ಸಾಹಿತ್ಯ, ಇತಿಹಾಸ ಓದಿ ಏನು ಪ್ರಯೋಜನ?" ಉದ್ಯೋಗದ ಲೆಕ್ಕದಲ್ಲಿ ಉತ್ತರಿಸಲು ನಾವು ಅಶಕ್ತರು. ಆದರೆ ಕಲೆಯು ಮನುಷ್ಯನಿಗೆ ಅವನನ್ನೇ ತೋರಿಸಿಕೊಡುವ ಬಗೆಯನ್ನು ನಮ್ಮ ಕಾಸರಗೋಡಿನ ತಾಳಮದ್ದಳೆಯಿಂದ ಅರಿತಿದ್ದೇವೆ.

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಾಡಿದ ಪದ್ಯವನ್ನು ಹಿಡಿದು ಅರ್ಥಧಾರಿಯು ಕುಳಿತಲ್ಲಿಯೇ ಮಾತು ಹೆಣೆಯಬೇಕು. ಪದ್ಯ ಕವಿಯದು, ಮಾತು ಹೇಳುವವನದು. ಇಂದು ರಾಮನಾದವನು ನಾಳೆ ವಾಲಿಯಾಗಬೇಕಾಗುತ್ತದೆ. ಎದುರಾಳಿಯ ವಾದವನ್ನು ಅವನ ಒಳಗೇ ಕುಳಿತು ಕಟ್ಟುವ ಇಂತಹ ಅಭ್ಯಾಸವನ್ನು ಬಿ.ಇಡ್. ತರಗತಿಯೂ ನಮಗೆ ಮಾಡಿಸಲಿಲ್ಲ.

ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ಬಳಕೆಯಲ್ಲಿರುವ ರಾಮಾಯಣ ಪ್ರಸಂಗಗಳಲ್ಲಿ (ಕರ್ತೃತ್ವದ ಚರ್ಚೆ ವಿದ್ವಾಂಸರಿಗಿರಲಿ) ವಾಲಿವಧೆಯ ಸನ್ನಿವೇಶವನ್ನೇ ನೋಡೋಣ. ಬಾಣ ನೆಟ್ಟು ಬಿದ್ದ ವಾಲಿಯು, ಮರೆಯಲ್ಲಿ ನಿಂತು ಹೊಡೆದುದೇಕೆಂದು ರಾಮನನ್ನು ಕೇಳುತ್ತಾನೆ. ವಾಲ್ಮೀಕಿಯ ರಾಮನು ಕೊಡುವ ಉತ್ತರಗಳು ಪ್ರಸಿದ್ಧವಾಗಿವೆ: ತಮ್ಮನ ಮಡದಿಯನ್ನು ಇರಿಸಿಕೊಂಡವನಿಗೆ ಭರತನ ಆಳ್ವಿಕೆಯಲ್ಲಿ ಇದು ದಂಡನೆ, ಅಲ್ಲದೆ ವಾಲಿಯು ಮೃಗ, ಮೃಗವನ್ನು ಮರೆಯಿಂದ ಬೇಟೆಯಾಡುವುದು ದೋಷವಲ್ಲ. ಮೊದಲನೆಯದು ಗಟ್ಟಿಯಾದ ಉತ್ತರ. ಎರಡನೆಯದು ಅದನ್ನೇ ಕೆಡವುತ್ತದೆ. ಮೃಗವಾದವನಿಗೆ ಮನುಷ್ಯಧರ್ಮದ ದಂಡನೆ ಎಲ್ಲಿಯದು? ಸಮರ್ಥನಾದ ವಾಲಿಯು ಈ ಬಿರುಕನ್ನು ಬಿಡುವುದಿಲ್ಲ. ಆದರೆ ಇದಕ್ಕಿಂತ ಆಳವಾದ ಪ್ರಶ್ನೆ ಬೇರೊಂದಿದೆ: ಸುಗ್ರೀವನ ದೂರನ್ನು ಕೇಳಿದ ರಾಮನು ವಾಲಿಯ ಮಾತನ್ನು ಕೇಳಿದನೆ?

ಸುಮಾರು 40 ವರ್ಷಗಳ ಹಿಂದೆ ಶಾಲಾ ವಾರ್ಷಿಕೋತ್ಸವದ ಕೂಟದಲ್ಲಿ ನಮ್ಮದು ರಾಮನ ಅರ್ಥ. ವಾಲಿಯಾಗಿದ್ದ ಚಿತ್ರಕಲಾ ಅಧ್ಯಾಪಕರು ಈ ಪ್ರಶ್ನೆಯನ್ನೇ ಕೇಳಿ ಸುಮ್ಮನೆ ಕುಳಿತರು. ಕಂಠಪಾಠವಾಗಿದ್ದ ಶ್ಲೋಕಗಳಿಂದ ನಾವು ಪಾರಾದೆವು, ಸಭೆಯು ಮೆಚ್ಚಿತು. ಅದೇ ವಾರ, ಸಹಪಾಠಿಯೊಬ್ಬನ ದೂರನ್ನಷ್ಟೇ ನಂಬಿ ಬಡಹುಡುಗನೊಬ್ಬನಿಗೆ ಬೆತ್ತದ ಏಟು ಕೊಟ್ಟಿದ್ದೆವು. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಮರುದಿನ ಅವನನ್ನು ಕರೆದು ನಡೆದುದೇನೆಂದು ಕೇಳಿದೆವು. "ಈಗ ಯಾಕೆ ಸಾರ್?" ಎಂದು ತಲೆ ತಗ್ಗಿಸಿ ನಿಂತ. ಅದಕ್ಕೆ ನಮ್ಮಲ್ಲಿ ಶ್ಲೋಕವಿರಲಿಲ್ಲ.

ಇತ್ತೀಚಿನ ಕೆಲವು ಕೂಟಗಳಲ್ಲಿ ಈ ಸನ್ನಿವೇಶವು ವಕೀಲರ ವಾದದಂತೆ ಬೆಳೆಯುತ್ತಿದೆ. ಚಪ್ಪಾಳೆ ಬೀಳುವಷ್ಟು ಹೊತ್ತೂ ಪ್ರಮಾಣವಾಕ್ಯಗಳು ಬರುತ್ತಲೇ ಇರುತ್ತವೆ. ಸಾಯುವ ವಾಲಿಯು ಮಗ ಅಂಗದನನ್ನು ರಾಮನಿಗೆ ಒಪ್ಪಿಸುವ ಭಾಗಕ್ಕೆ ಸಮಯವೇ ಉಳಿಯುವುದಿಲ್ಲ. ಕೊಂದವನ ಕೈಗೇ ಮಗನನ್ನು ಕೊಡಬೇಕಾದ ತಂದೆಯ ಮಾತನ್ನು ಎರಡು ನಿಮಿಷದಲ್ಲಿ ಮುಗಿಸುವುದು ಪ್ರಸಂಗಕ್ಕೆ ಮಾಡುವ ಅನ್ಯಾಯವೆಂದೇ ನಮ್ಮ ಅಭಿಪ್ರಾಯ. ಹಿರಿಯ ಅರ್ಥಧಾರಿಗಳು ಅಲ್ಲಿ ದನಿ ತಗ್ಗಿಸುತ್ತಿದ್ದರು, ಮದ್ದಳೆಯೂ ಮೆಲ್ಲಗಾಗುತ್ತಿತ್ತು.

ಆ ವಾರ್ಷಿಕೋತ್ಸವದ ಬಳಿಕ ನಾವು ರಾಮನ ಅರ್ಥಕ್ಕೆ ಒಪ್ಪಲಿಲ್ಲ. ಕರೆದಲ್ಲೆಲ್ಲ ವಾಲಿಯನ್ನೇ ಕೇಳಿ ಪಡೆದೆವು. "ನನ್ನನ್ನೊಮ್ಮೆ ಕೇಳಬಾರದಿತ್ತೆ?" ಎನ್ನುವಲ್ಲಿಗೆ ಬಂದಾಗ ನಮ್ಮ ಮಾತು ಈಗಲೂ ತಡವರಿಸುತ್ತದೆ.