ದನಿಗೆ ಜಾಗ ಬಿಡುವ ಗಿಟಾರು

ಮೆಚ್ಚಿನ ಗಿಟಾರ್ ವಾದಕ ಯಾರೆಂದು ಹುಮನಾಬಾದಿನ ಕಾಲೇಜು ಹುಡುಗರನ್ನು ಕೇಳಿದರೆ ಜಿಮಿ ಹೆಂಡ್ರಿಕ್ಸ್, ಎರಿಕ್ ಕ್ಲಾಪ್ಟನ್ ಅನ್ನುವವರು ಸಿಕ್ಕಾರು. ಅವರ ಅಪ್ಪಂದಿರನ್ನು ಕೇಳಿದರೆ ಹೆಸರು ಬರುವುದಿಲ್ಲ. ‘ದಮ್ ಮಾರೋ ದಮ್’ ಹಾಡಿನ ಗಿಟಾರನ್ನು ಬಾಯಲ್ಲೇ ನುಡಿಸಿ ತೋರಿಸಿಯಾರು. 1971ರ ‘ಹರೇ ರಾಮ ಹರೇ ಕೃಷ್ಣ’ ಚಿತ್ರದ ಆ ಗಿಟಾರು ಭೂಪಿಂದರ್ ಸಿಂಗ್ ಅವರದು. ಗಜಲ್ ಗಾಯಕರೆಂದು ಅವರನ್ನು ಬಲ್ಲವರು ಬಹಳ. ತಾವು ಇಷ್ಟು ವರ್ಷ ಗುನುಗಿದ ಗಿಟಾರೂ ಅವರದೇ ಎಂದು ಬಲ್ಲವರು ಕಡಿಮೆ. ಹೆಸರು ಹೇಳಲಾಗದ ಈ ಮೆಚ್ಚುಗೆ ಪಟ್ಟಿ ಒಪ್ಪಿಸುವ ಮೆಚ್ಚುಗೆಗಿಂತ ಗಟ್ಟಿಯಾದದ್ದು ಎಂದು ನನಗನ್ನಿಸುತ್ತದೆ. ಶ್ರೇಷ್ಠರ ಪಟ್ಟಿಗಳು ಸಾಮಾನ್ಯವಾಗಿ ನೋಡುವುದು ಒಂಟಿ ವಾದನದ ಝಳಕನ್ನು, ಬೆರಳಿನ ಓಟವನ್ನು. ಹಾಡುವವರ ಪಕ್ಕದಲ್ಲಿ ಕೂತು ಎಲ್ಲಿ ನುಡಿಸಬೇಕು, ಎಲ್ಲಿ ಸುಮ್ಮನಿರಬೇಕು ಎಂದು ಅರಿತವನಿಗೆ ಅಲ್ಲಿ ಜಾಗವಿಲ್ಲ.

ಈ ಸೀಮೆಯ ಕಿವಿ ತಯಾರಾದದ್ದೇ ಹಾಡಿನಿಂದ. ಹುಮನಾಬಾದಿಗೆ ಅಂಟಿಕೊಂಡಂತಿರುವ ಮಾಣಿಕನಗರದಲ್ಲಿ ಮಾಣಿಕ ಪ್ರಭುಗಳ (1817–1865) ಪದಗಳನ್ನು ಇಂದಿಗೂ ಹಾಡುತ್ತಾರೆ. ಅವರು ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಪದ ಕಟ್ಟಿದವರು. ದತ್ತ ಜಯಂತಿಯ ದರ್ಬಾರಿನಲ್ಲಿ ಹಿಂದೂಸ್ತಾನಿ ಕಚೇರಿ ಕೇಳಿ ಬೆಳೆದವರು ಇಲ್ಲಿ ಮನೆಮನೆಯಲ್ಲಿದ್ದಾರೆ. ಹಳ್ಳಿಗಳ ತತ್ವಪದ ಗಾಯಕರಿಗಂತೂ ಏಕತಾರಿಯ ಒಂದೇ ತಂತಿ ಸಾಕು. ಆ ತಂತಿ ರಾತ್ರಿಯಿಡೀ ಒಂದೇ ಸ್ವರ ಹಿಡಿದು ನಿಲ್ಲುತ್ತದೆ, ಪದವನ್ನು ಎತ್ತಿ ಹಿಡಿಯುತ್ತದೆ. ಇನ್ನು ಕಲ್ಯಾಣದ ಬಸವಣ್ಣನವರ ವಚನವೊಂದರಲ್ಲಿ ದೇಹವೇ ತಂತಿವಾದ್ಯವಾಗುತ್ತದೆ. ಅಲ್ಲಿ ಭಕ್ತ ವಾದಕನಲ್ಲ, ವಾದ್ಯ, ನುಡಿಸುವವನು ಬೇರೆ. ಇಂಥ ನೆಲದಲ್ಲಿ ನಿಂತು ಗಿಟಾರನ್ನು ಅಳೆಯುವಾಗ ನಾನು ಕೇಳುವುದು ಒಂದೇ ಪ್ರಶ್ನೆ: ಈ ತಂತಿ ಹಾಡುತ್ತದೆಯೋ, ಅಥವಾ ಹಾಡನ್ನು ತುಳಿಯುತ್ತದೆಯೋ?

ಆ ಪರೀಕ್ಷೆಯಲ್ಲಿ ಮೊದಲು ಗೆಲ್ಲುವವರು ಬ್ರಿಜ್ ಭೂಷಣ್ ಕಾಬ್ರಾ. ಹವಾಯಿಯಿಂದ ಬಂದ ಮಲಗಿಸಿ ನುಡಿಸುವ ಗಿಟಾರು ನಮ್ಮವರಿಗೆ ಹೆಚ್ಚಾಗಿ ಸಿನಿಮಾ ಹಾಡಿನ ಧಾಟಿ ನುಡಿಸುವ ವಾದ್ಯವಾಗಿತ್ತು. ಅಲಿ ಅಕ್ಬರ್ ಖಾನರ ಶಿಷ್ಯ ಕಾಬ್ರಾ ಅದರಲ್ಲಿ ರಾಗದ ಆಲಾಪ ಮಾಡಿದರು. 1967ರ ‘ಕಾಲ್ ಆಫ್ ದ ವ್ಯಾಲಿ’ ಧ್ವನಿಮುದ್ರಣದಲ್ಲಿ ಜೊತೆಗಿದ್ದವರು ಸಂತೂರಿನ ಶಿವಕುಮಾರ ಶರ್ಮಾ, ಕೊಳಲಿನ ಹರಿಪ್ರಸಾದ ಚೌರಾಸಿಯಾ. ಜನ ಆ ತಟ್ಟೆಯನ್ನು ಸಂತೂರಿಗಾಗಿ, ಕೊಳಲಿಗಾಗಿ ನೆನೆಯುತ್ತಾರೆ. ಒಮ್ಮೆ ಗಿಟಾರಿನ ಬೆನ್ನು ಹತ್ತಿ ಕೇಳಬೇಕು. ಸಂತೂರಿನ ಸ್ವರ ಹುಟ್ಟಿದ ಕೂಡಲೇ ಆರತೊಡಗುತ್ತದೆ. ಕೊಳಲಿಗೆ ಉಸಿರಿನ ಮಿತಿ ಇದೆ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡನ್ನು ಉಕ್ಕಿನ ತುಂಡೊಂದನ್ನು ತಂತಿಯ ಮೇಲೆ ಎಳೆದು ಕಾಬ್ರಾ ತುಂಬಿಕೊಡುತ್ತಾರೆ. ಆ ಕೆಲಸ ಎದ್ದು ಕಾಣದಿರುವುದೇ ಅವರ ದೊಡ್ಡಸ್ತಿಕೆ.

ವಿಶ್ವಮೋಹನ ಭಟ್ಟರದು ಬೇರೆ ದಾರಿ. ತಾವಾಗಿ ಅನುರಣಿಸುವ ತರಫಿನ ತಂತಿಗಳನ್ನು ಸೇರಿಸಿ ಗಿಟಾರನ್ನೇ ಬದಲಿಸಿ ‘ಮೋಹನ ವೀಣೆ’ ಎಂದರು. ಗಿಟಾರ್ ವಾದಕ ರೈ ಕೂಡರ್ ಜೊತೆಗಿನ ‘ಎ ಮೀಟಿಂಗ್ ಬೈ ದ ರಿವರ್’ 1994ರಲ್ಲಿ ಗ್ರ್ಯಾಮಿ ಪಡೆಯಿತು. ಆ ಧ್ವನಿಮುದ್ರಣ ಚೆನ್ನಾಗಿರುವುದು ಇಬ್ಬರೂ ಒಬ್ಬರ ಮಾತಿಗೆ ಇನ್ನೊಬ್ಬರು ಕಾಯುವುದರಿಂದ. ಭಟ್ಟರ ಒಂಟಿ ಕಚೇರಿಗಳ ಕೊನೆಯ ವೇಗದ ಭಾಗವಾದ ಝಾಲಾದಲ್ಲಿ ಈ ಕಾಯುವಿಕೆ ನನಗೆ ಸಿಗುವುದಿಲ್ಲ. ಚಪ್ಪಾಳೆ ಅಲ್ಲೇ ಜೋರು, ನಿಜ. ಆದರೆ ಮನೆಗೆ ಬಂದ ಮೇಲೆ ಬಾಯಿಗೆ ಬರುವುದು ಆಲಾಪದ ತುಣುಕೇ ಹೊರತು ಝಾಲಾ ಅಲ್ಲ.

ಜಾನ್ ಮೆಕ್‌ಲಾಫ್ಲಿನ್ ಗಿಟಾರನ್ನು ಹಾಡಿಸುವ ಕಷ್ಟವನ್ನು ಹೊರಗಿನಿಂದ ಬಂದು ಅರ್ಥಮಾಡಿಕೊಂಡವರು. ಎಪ್ಪತ್ತರ ದಶಕದ ‘ಶಕ್ತಿ’ ತಂಡಕ್ಕಾಗಿ ಅವರು ಮಾಡಿಸಿಕೊಂಡ ಗಿಟಾರಿನಲ್ಲಿ ಮೆಟ್ಟಿಲುಗಳ ನಡುವಿನ ಮರವನ್ನು ಕೆತ್ತಿ ತಗ್ಗಿಸಲಾಗಿತ್ತು. ವೀಣೆಯಲ್ಲಿ ಎಳೆದಂತೆ ತಂತಿ ಎಳೆದು ಗಮಕ ತೆಗೆಯುವುದಕ್ಕೆ ಅದು ಉಪಾಯ. ಆದರೂ ಆ ಕಾಲದ ಧ್ವನಿಮುದ್ರಣಗಳಲ್ಲಿ ಪಿಟೀಲಿನ ಜೊತೆಗಿನ ಓಟ ಕಿವಿಯನ್ನು ದಣಿಸುತ್ತದೆ. 2024ರಲ್ಲಿ ಗ್ರ್ಯಾಮಿ ಪಡೆದ ‘ಶಕ್ತಿ’ಯ ‘ದಿಸ್ ಮೊಮೆಂಟ್’ನಲ್ಲಿ ಶಂಕರ್ ಮಹಾದೇವನ್ ಅವರ ಕಂಠವಿದೆ; ಅಲ್ಲಿ ಮೆಕ್‌ಲಾಫ್ಲಿನ್ ಅವರ ಗಿಟಾರು ತಗ್ಗಿ ನಡೆಯುತ್ತದೆ. ಕಂಠವೊಂದು ಬಂದು ಕೂತರೆ ವಾದಕ ಹೇಗೆ ಬೆಳೆಯುತ್ತಾನೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಕನ್ನಡದ ಮಟ್ಟಿಗೆ ಗಿಟಾರನ್ನು ಮನೆಮಾತಾಗಿಸಿದವರಲ್ಲಿ ಇಳಯರಾಜಾ ಅವರ ಹೆಸರು ಬಿಡಲಾಗದು. ಸ್ವಂತವಾಗಿ ಸಂಗೀತ ನಿರ್ದೇಶನಕ್ಕೆ ಇಳಿಯುವ ಮುಂಚೆ ಅವರು ಗಿಟಾರ್ ಕಲಿತವರು, ನಮ್ಮ ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿದ್ದವರು. ಆ ಕಲಿಕೆಯ ಫಲ ಶಂಕರನಾಗ್ ಅವರ ‘ಗೀತಾ’ (1981), ಮಣಿರತ್ನಂ ಅವರ ಮೊದಲ ಚಿತ್ರ ‘ಪಲ್ಲವಿ ಅನುಪಲ್ಲವಿ’ (1983) ಎರಡರಲ್ಲೂ ಕೇಳುತ್ತದೆ. ಎಸ್.ಪಿ. ಬಾಲಸುಬ್ರಹ್ಮಣ್ಯಂ, ಜಾನಕಿ ಹಾಡುವಾಗ ಕೆಳಗೆ ಬೇಸ್ ಗಿಟಾರು ಬರೀ ತಾಳ ಕುಟ್ಟುವುದಿಲ್ಲ, ತನ್ನದೇ ಒಂದು ರಾಗ ಹಿಡಿದು ನಡೆಯುತ್ತದೆ. ಸಾಲು ಮುಗಿದ ಕಡೆ ಮೇಲೇಳುತ್ತದೆ, ಸಾಲು ಹುಟ್ಟುವ ಮುಂಚೆ ಇಳಿದುಬಿಡುತ್ತದೆ. ಇಷ್ಟಾದರೂ ಆ ಕ್ಯಾಸೆಟ್ಟುಗಳನ್ನು ಕೊಂಡವರಿಗೆ ಸಂಗೀತ ನಿರ್ದೇಶಕರು, ಗಾಯಕರು, ಸಾಹಿತಿಗಳ ಹೆಸರು ಗೊತ್ತಾಯಿತೇ ಹೊರತು ಗಿಟಾರ್ ಹಿಡಿದವರದು ಗೊತ್ತಾಗಲಿಲ್ಲ. ನಲವತ್ತು ವರ್ಷ ನಾವು ಮೆಚ್ಚಿದ ಬೆರಳುಗಳಿಗೆ ನಾವು ಕೊಟ್ಟ ಮರ್ಯಾದೆ ಇಷ್ಟೇ.

ಈಗಿನವರಲ್ಲಿ ರಘು ದೀಕ್ಷಿತ್ ಅವರ ಮಾತು ಬೇರೆ. ಹಾಡುವವರೂ ಅವರೇ, ಗಿಟಾರೂ ಅವರದೇ. 2008ರ ಮೊದಲ ಆಲ್ಬಮ್‌ನಲ್ಲೇ ಶಿಶುನಾಳ ಶರೀಫರ ಪದಗಳಿದ್ದವು. ತತ್ವಪದಗಳತ್ತ ತಿರುಗಿಯೂ ನೋಡದ ಹುಡುಗರು ಅವನ್ನು ಕುಣಿದು ಹಾಡಿದ್ದು ಸಣ್ಣ ಸಾಧನೆಯಲ್ಲ. ನನ್ನ ತಕರಾರು ಒಂದಿದೆ. ಏಕತಾರಿ ಒಂದೇ ಸ್ವರದಲ್ಲಿ ನಿಲ್ಲುವುದರಿಂದ ಹಾಡುವವನು ಪದವನ್ನು ಎಲ್ಲಿ ಬೇಕಾದರೂ ಎಳೆಯಬಹುದು, ಒಂದು ಮಾತಿನ ಮೇಲೆ ಮನಸ್ಸು ತುಂಬುವವರೆಗೆ ನಿಲ್ಲಬಹುದು. ಗಿಟಾರಿನ ಕಾರ್ಡ್ ಬದಲಾದಾಗ ಹಾಡೂ ಅದರ ಜೊತೆ ಸಾಗಲೇಬೇಕು. ಪದಕ್ಕೆ ಹುರುಪು ಬಂತು, ನಿಂತು ಯೋಚಿಸುವ ಪುರುಸೊತ್ತು ಹೋಯಿತು. ಇದು ರಘು ಅವರೊಬ್ಬರ ದೋಷವಲ್ಲ, ತತ್ವಪದಕ್ಕೆ ಗಿಟಾರು ಹಿಡಿಯುವ ಎಲ್ಲರೂ ಬಿಡಿಸಬೇಕಾದ ಗಂಟು. ಮೇಲಿನ ತಂತಿಯೊಂದನ್ನು ಶ್ರುತಿಗೆ ಬಿಟ್ಟು ಉಳಿದವುಗಳಲ್ಲಿ ಪದವನ್ನು ಹಿಂಬಾಲಿಸಿದರೆ ಅರ್ಧ ಗಂಟು ಬಿಚ್ಚೀತು.

ನಮ್ಮ ಜಾತ್ರೆ, ಗಣೇಶೋತ್ಸವ, ಮದುವೆಗಳ ಆರ್ಕೆಸ್ಟ್ರಾದಲ್ಲಿ ಗಿಟಾರಿನವನ ಪಾಡು ಇನ್ನೂ ಕಷ್ಟ. ಕೀಬೋರ್ಡು, ರಿದಂ ಪ್ಯಾಡುಗಳ ಅಬ್ಬರದಲ್ಲಿ ಅವನು ಕೇಳಿಸುವುದು ಒಂಟಿ ತುಣುಕಿನಲ್ಲಿ ಮಾತ್ರ, ಹಾಗಾಗಿ ಸಿಕ್ಕ ಅರ್ಧ ನಿಮಿಷದಲ್ಲಿ ತನ್ನ ವಿದ್ಯೆಯನ್ನೆಲ್ಲ ಸುರಿಯುತ್ತಾನೆ. ಕೇಳುವ ನಾವು ಅದಕ್ಕೇ ಸಿಳ್ಳೆ ಹಾಕುತ್ತೇವೆ. ವೇಗದ ಹುಚ್ಚು ಅವನದು ಎಂದು ಬೈಯುವ ಮುಂಚೆ ಅದನ್ನು ಕಲಿಸಿದವರು ನಾವು ಎಂದು ಒಪ್ಪಬೇಕು.

ನನ್ನನ್ನು ಕೇಳಿದರೆ ಕಾಬ್ರಾ ಮೊದಲು, ಭೂಪಿಂದರ್ ಆಮೇಲೆ, ಅವರ ಪಕ್ಕದಲ್ಲೇ ‘ಪಲ್ಲವಿ ಅನುಪಲ್ಲವಿ’ಯ ಗಿಟಾರು. ಭಟ್ಟರು, ಮೆಕ್‌ಲಾಫ್ಲಿನ್ ಕೌಶಲದಲ್ಲಿ ಇವರಿಗಿಂತ ಕಡಿಮೆಯವರಲ್ಲ. ಆದರೆ ಅವರು ಚೆನ್ನಾಗಿ ನುಡಿಸುವುದು ಎದುರಿಗೆ ಒಬ್ಬರಿದ್ದಾಗ. ಇನ್ನು ನಮ್ಮ ಊರಿನ ಕಾರ್ಯಕ್ರಮಗಳಲ್ಲಿ ಗಾಯಕರಿಗೆ ಶಾಲು ಹೊದಿಸುವವರು ಪಕ್ಕದಲ್ಲಿ ನುಡಿಸಿದವರ ಹೆಸರನ್ನೂ ಮೈಕಿನಲ್ಲಿ ಹೇಳಲಿ. ಮುಂದಿನ ಹುಡುಗರು ಮೆಚ್ಚಿನ ವಾದಕರ ಹೆಸರು ಹೇಳುವಾಗ ಹುಮನಾಬಾದಿನದೂ ಒಂದು ಹೆಸರು ಬರಬೇಕಾದರೆ ಅಷ್ಟಾದರೂ ಆಗಬೇಕು.